ನಡುವಿನ ಎಲೆ ಹಿಡಿದವರು

ಸರ್ಕಾರದ ಖರ್ಚಿನಲ್ಲಿ ನಾನು ಒಂದು ಮಧ್ಯಾಹ್ನ ಕುರಿಯಾಗಿದ್ದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಬಯಲಿನಲ್ಲಿ, ಕಣ್ಣಿಗೆ ಕರಿ ಬಟ್ಟೆ ಕಟ್ಟಿಸಿಕೊಂಡು, ನನ್ನಷ್ಟೇ ಸಂಬಳದ ಇನ್ನೊಂದಷ್ಟು ಕುರಿಗಳ ಜೊತೆ ನಿಂತಿದ್ದೆ. ನಮಗೆ ಮಾತಾಡುವ ಅಪ್ಪಣೆ ಇರಲಿಲ್ಲ. ಆಟದಲ್ಲಿ ಕುರಿಗಾಹಿಯಾಗಿದ್ದ ತಳಕು ಹೋಬಳಿಯ ಅಧಿಕಾರಿಗೂ ಇರಲಿಲ್ಲ. ಆತ ಬರೀ ಸಿಳ್ಳೆ ಹಾಕಿ ನಮ್ಮೆಲ್ಲರನ್ನೂ ಹಗ್ಗದ ದೊಡ್ಡಿಯೊಳಗೆ ಸೇರಿಸಬೇಕಿತ್ತು. ಹೀಗೆ ಮಾಡಿದರೆ ನಾಯಕತ್ವ ಹುಟ್ಟುತ್ತದೆ ಎಂದು ನಮಗೆ ತಿಳಿಸಲಾಗಿತ್ತು.

ಅದು ಹುಟ್ಟುವ ಮೊದಲೇ ಪರಶುರಾಂಪುರದ ರಸ್ತೆ ಕಡೆಯಿಂದ ನಿಜವಾದ ಕುರಿಮಂದೆಯೊಂದು ಬಂತು. ಅದರ ಹಿಂದಿದ್ದವನು ತನ್ನ ಪಾಡಿಗೆ ತಾನು ಸಿಳ್ಳೆ ಹಾಕಿದ. ನಮ್ಮ ಅಧಿಕಾರಿಯದಕ್ಕಿಂತ ಆ ಸಿಳ್ಳೆ ಎಷ್ಟೋ ಖಚಿತವಾಗಿತ್ತು, ನಮ್ಮಲ್ಲಿ ಅರ್ಧ ಜನ ಅದನ್ನೇ ನಂಬಿ ಹೊರಟೆವು. ಮೊಣಕಾಲಿಗೆ ಉಣ್ಣೆ ತಾಗಿದಾಗ ನನಗೆ ಸ್ವಲ್ಪ ಅನುಮಾನ ಬಂದದ್ದು ನಿಜ. ಆದರೆ ಬಟ್ಟೆ ಬಿಚ್ಚಿದರೆ ತಂಡಕ್ಕೆ ಅಂಕ ಕಡಿಮೆಯಾಗುತ್ತದೆ ಎಂದು ಹೇಳಿದ್ದರು. ರಸ್ತೆ ಮುಟ್ಟುವ ಹೊತ್ತಿಗೆ ಯಾರೋ ಏದುಸಿರು ಬಿಡುತ್ತಾ ಓಡಿ ಬಂದು ನಮ್ಮನ್ನು ತಡೆದರು. ಮಂದೆಯವನ ದನಿ ಕೇಳಿಸಿತು: "ಇವು ನಮ್ಮವಲ್ಲ ಸಾರ್. ನಿಮ್ಮವೇ ಇರ್ಬೇಕು, ಹೊಡ್ಕೊಂಡು ಹೋಗ್ರಿ."

ಹಾಗೆ ಓಡಿ ಬಂದವರೇ ನಮ್ಮ ತರಬೇತಿ ಅಧಿಕಾರಿ. ಇಡೀ ತಾಲ್ಲೂಕು ಅವರನ್ನು 'ಆಟದ ಸಾರ್' ಎಂದು ಕರೆಯುತ್ತಿತ್ತು. ನಮ್ಮನ್ನು ವಾಪಸು ತಂದು, ವೃತ್ತಾಕಾರವಾಗಿ ನಿಲ್ಲಿಸಿ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ ಕೇಳಿದರು: "ಈಗ ನಿಮಗೆ ಏನನ್ನಿಸ್ತು?"

ನಾವೆಲ್ಲ ಒಂದೇ ದನಿಯಲ್ಲಿ "ಚೆನ್ನಾಗಿತ್ತು ಸಾರ್" ಎಂದೆವು. ತಂಡ ಮನೋಭಾವ ಆ ಒಂದು ಉತ್ತರದಲ್ಲಿ ಪೂರ್ತಿ ಬಂದುಬಿಟ್ಟಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಸಹಕಾರ ಸಂಘಗಳು ಹಾಳಾಗುವುದಕ್ಕೆ ಹೊಸ ಕಾರಣವೊಂದನ್ನು ಮೇಲಿನವರು ಆಗತಾನೆ ಕಂಡುಹಿಡಿದಿದ್ದರು. ಸಾಲ ಸಿಗದ್ದೂ ಅಲ್ಲ, ಸರಕು ಸಿಗದ್ದೂ ಅಲ್ಲ, ನಮ್ಮಲ್ಲಿ ನಾಯಕತ್ವದ ಗುಣ ಇಲ್ಲದ್ದೇ ಕಾರಣವಂತೆ. ಅದನ್ನು ತುಂಬಲು ಆಟದ ಸಾರ್ ಅವರನ್ನು ಚಳ್ಳಕೆರೆಗೆ ಹಾಕಿದರು. ಮೈಸೂರು ಕಡೆಯ ಮನುಷ್ಯ. ಯಾವುದೋ ದೊಡ್ಡ ಊರಿನಲ್ಲಿ ತರಬೇತಿ ಕೊಡುವ ತರಬೇತಿ ಪಡೆದು, ಒಂದು ದಪ್ಪ ಕೈಪಿಡಿಯನ್ನೂ ಒಂದು ಟ್ರಂಕು ಸಾಮಾನನ್ನೂ ಹೊತ್ತು ಬಂದಿದ್ದರು. ಟ್ರಂಕಿನಲ್ಲಿ ಹಗ್ಗ, ಬಲೂನು, ಕಣ್ಣಿಗೆ ಕಟ್ಟುವ ಬಟ್ಟೆ, ಶರಬತ್ತು ಕುಡಿಯುವ ಕೊಳವೆ, ಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳು. ಕೊರಳಲ್ಲಿ ಸದಾ ಒಂದು ಪೀಪಿ. ಅವರ ಬಾಡಿಗೆ ಮನೆಯ ಮಾಲೀಕರು ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಸಾಹೇಬ್ರು ಸರ್ಕಸ್ಸಿನಾಗಿದ್ರೇನ್ರಿ?" ಎಂದು ಕೇಳಿದ್ದರು.

ಎಲ್ಲರಿಗೂ ಕೂಡಿ ಬಾಳುವುದನ್ನು ಕಲಿಸುತ್ತಿದ್ದ ಈ ಮನುಷ್ಯ ಯಾರ ಜೊತೆಯೂ ಕೂಡುತ್ತಿರಲಿಲ್ಲ. ಒಬ್ಬರೇ ಅಡುಗೆ ಮಾಡಿ ಒಬ್ಬರೇ ಉಣ್ಣುವರು. ತಮ್ಮ ಪೇಪರನ್ನು ಓದಿ ಮುಗಿಸಿದ ಮೇಲೂ ಯಾರಿಗೂ ಕೊಡುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡು, ಯಾರಾದರೂ ಬಂದರೆ ಕಿಟಕಿಯಾಚೆ ನೋಡುವರು. ಎಲ್ಲಕ್ಕಿಂತ ಮಜವೆಂದರೆ, ಅಷ್ಟು ವರ್ಷದಲ್ಲಿ ಒಂದು ಆಟವನ್ನೂ ಅವರು ತಾವಾಗಿ ಆಡಲಿಲ್ಲ. "ಸಾರ್, ನೀವೂ ಬನ್ನಿ" ಎಂದರೆ, "ಆಡಿಸೋನು ಆಡಬಾರದು. ಹೊರಗೆ ನಿಂತು ನೋಡಬೇಕು" ಎನ್ನುವರು. ಇದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿತ್ತಂತೆ.

ಮರುಭೂಮಿಯ ಆಟವನ್ನು ಚಳ್ಳಕೆರೆಯಲ್ಲಿ ಆಡಿಸಿದ ಮೊದಲ ಮನುಷ್ಯ, ಬಹುಶಃ ಕೊನೆಯವರೂ, ಅವರೇ. ಬೇಸಿಗೆಯಲ್ಲಿ, ಕರೆಂಟಿಲ್ಲದ ಸಭಾಂಗಣದಲ್ಲಿ, ಬೆವರು ಒರೆಸಿಕೊಳ್ಳುತ್ತಾ ಹೇಳಿದರು: "ಊಹಿಸಿಕೊಳ್ಳಿ. ನಿಮ್ಮ ಲಾರಿ ಮರುಭೂಮಿಯಲ್ಲಿ ಕೆಟ್ಟು ನಿಂತಿದೆ. ಸುತ್ತ ಎಲ್ಲೂ ನೀರಿಲ್ಲ, ನೆರಳಿಲ್ಲ. ನಿಮ್ಮ ಬಳಿ ಒಂದು ಕನ್ನಡಿ, ಟಾರ್ಚು, ಚಾಕು, ಕೊಡೆ, ನಕ್ಷೆ ಇವೆ. ಯಾವುದು ಮೊದಲು, ಯಾವುದು ಕೊನೆ? ತಂಡವಾಗಿ ಚರ್ಚಿಸಿ ತೀರ್ಮಾನಿಸಿ."

ನಾಯಕನಹಟ್ಟಿಯಿಂದ ಬಂದಿದ್ದ ಸಂಘದ ಅಧ್ಯಕ್ಷರೊಬ್ಬರು ಎದ್ದು ನಿಂತರು. "ಸಾರ್, ಅದು ಯಾವ ಹೋಬಳಿಗೆ ಬರ್ತೈತೆ?"

"ಹೋಬಳಿ ಅಲ್ಲ ಸ್ವಾಮಿ, ಮರುಭೂಮಿ."

"ಅಲ್ಲ, ಆ ಕಡೆ ನಮ್ಮ ಬೀಗರ ಪೈಕಿ ಯಾರಾದ್ರೂ ಇರ್ತಾರೆ ಅಂತ ಕೇಳಿದೆ."

ನಮ್ಮ ತಂಡ ಬಹಳ ಚರ್ಚಿಸಿ, ಕನ್ನಡಿ ಕೊಡೆ ಯಾವುದೂ ಬೇಡ, ಲಾರಿ ಕೆಳಗೆ ನೆರಳಿಗೆ ಮಲಗಿದರೆ ಸಾಯಂಕಾಲದೊಳಗೆ ಯಾರದಾದರೂ ಟ್ರ್ಯಾಕ್ಟರು ಬರುತ್ತದೆ ಎಂದು ತೀರ್ಮಾನಿಸಿತು. "ಟ್ರ್ಯಾಕ್ಟರ್ ಬರಲ್ಲ!" ಎಂದು ಅವರು ಕೂಗಿದರು. "ಬರದೆ ಎಲ್ಲಿ ಹೋಗ್ತೈತೆ ಸಾರ್, ಇವತ್ತು ಸಂತೆ" ಎಂದರು ಅಧ್ಯಕ್ಷರು. ಕೈಪಿಡಿಯ ಹಿಂದಿನ ಪುಟದಲ್ಲಿದ್ದ ಉತ್ತರದ ಪ್ರಕಾರ ನಾವೆಲ್ಲರೂ ಸತ್ತಿದ್ದೆವು. ಶೇಂಗಾ ತಿನ್ನುತ್ತಾ, ಊರಿಗೆ ಹೋಗುವ ಬಸ್ಸಿನ ಬಗ್ಗೆ ಮಾತಾಡುತ್ತಾ ಸತ್ತವರು ನಾವೇ ಮೊದಲಿರಬೇಕು.

ಇಷ್ಟಾದ ಮೇಲೆ ಅವರನ್ನು ಮೊಳಕಾಲ್ಮೂರಿನ ನಮ್ಮ ಸಂಘಕ್ಕೆ ಕಳಿಸುತ್ತಾರೆಂದು ಗೊತ್ತಾದಾಗ ನನಗೆ ಎಷ್ಟು ಧೈರ್ಯ ಬಂದಿರಬಹುದು, ನೀವೇ ಯೋಚಿಸಿ.

ನಾನು ಆಗ ಅಲ್ಲಿನ ರೇಷ್ಮೆ ನೇಕಾರರ ಸಹಕಾರ ಸಂಘವೊಂದರ ಕಾರ್ಯದರ್ಶಿ. ಮನೆ ಚಳ್ಳಕೆರೆಯಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಸಂಘದಲ್ಲಿ ಎರಡು ಬೀದಿಯವರಿದ್ದರು. ಮೇಲುಬೀದಿಗೆ ನಾಗರಾಜಪ್ಪ ಯಜಮಾನ, ಕೆಳಬೀದಿಗೆ ಓಬಳೇಶಪ್ಪ. ಓಬಳೇಶಪ್ಪನ ಅಕ್ಕನನ್ನೇ ನಾಗರಾಜಪ್ಪ ಮದುವೆಯಾಗಿದ್ದ, ಆದ್ದರಿಂದ ದ್ವೇಷಕ್ಕೆ ಬೇಕಾದ ಸಲಿಗೆ ಇತ್ತು. ಎಂದೋ ಒಂದು ಸಲ ಒಂದು ಬೀದಿಗೆ ಒಳ್ಳೆಯ ನೂಲೂ ಇನ್ನೊಂದಕ್ಕೆ ಮಗ್ಗದಲ್ಲಿ ಪಟಪಟ ಹರಿಯುವ ನೂಲೂ ಹೋಗಿತ್ತಂತೆ. ಯಾವ ಬೀದಿಗೆ ಯಾವುದು ಎನ್ನುವುದು ಆ ಹೊತ್ತಿಗೆ ಇಬ್ಬರಿಗೂ ಮರೆತುಹೋಗಿತ್ತು. ಸಭೆ ಕರೆದರೆ ಒಂದು ಬೀದಿ ಬಂದ ಕೂಡಲೇ ಇನ್ನೊಂದು ಎದ್ದು ಹೋಗುವುದು ಮಾತ್ರ ತಪ್ಪುತ್ತಿರಲಿಲ್ಲ. ಹೀಗೇ ಎರಡು ವರ್ಷ ಸಭೆಯೇ ನಡೆದಿರಲಿಲ್ಲ.

ಈ ಸಲವೂ ಸಭೆ ನಡೆಯದಿದ್ದರೆ ಸಂಘವನ್ನು ಮುಚ್ಚುತ್ತೇವೆಂದು ಇಲಾಖೆ ಹೇಳಿತು. ಮುಚ್ಚಿದರೆ ಏನಾಗುತ್ತದೆಂದು ಎರಡೂ ಬೀದಿಗೆ ಗೊತ್ತಿತ್ತು. ನೂಲಿಗೂ ಜರಿಗೂ ಪೇಟೆಯ ಸಾಹುಕಾರರ ಬಾಗಿಲಿಗೆ ಹೋಗಬೇಕು. ತಮ್ಮ ಮನೆಯ ಮಗ್ಗದಲ್ಲಿ ತಾವೇ ಕೂಲಿಯಾಗಬೇಕು. ನನ್ನ ಕೆಲಸವೂ ಹೋಗುತ್ತಿತ್ತು, ಆದರೆ ಅದಕ್ಕಾಗಿ ಯಾರೂ ಜಗಳ ನಿಲ್ಲಿಸುವಂತಿರಲಿಲ್ಲ. ಇಂಥ ಹೊತ್ತಿನಲ್ಲಿ ಇಲಾಖೆ ಕೊನೆಯ ಉಪಾಯವಾಗಿ ಪೀಪಿ ಹಾಕಿಕೊಂಡ ಮನುಷ್ಯನನ್ನು ಕಳಿಸಿತು.

ಚಳ್ಳಕೆರೆಯಿಂದ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವರು ಅಂದಿನ ಆಟ ವಿವರಿಸಿದರು. ಪಾತ್ರ ಬದಲಾವಣೆಯ ಆಟ. ಮೇಲುಬೀದಿಯ ಯಜಮಾನ ಒಂದು ಮಧ್ಯಾಹ್ನದ ಮಟ್ಟಿಗೆ ಕೆಳಬೀದಿಯ ಯಜಮಾನನಾಗಬೇಕು, ಕೆಳಬೀದಿಯವನು ಮೇಲುಬೀದಿಗೆ. ಆ ಬೀದಿಯವರು 'ನಮ್ಮ ಪರವಾಗಿ ನೀನು ಮಾತಾಡು' ಎಂದು ಒಂದು ನಂಬಿಕೆಯ ಬಿಲ್ಲೆ ಕೊಡಬೇಕು, ಅವನು ತಗೊಳ್ಳಬೇಕು. ಆಟ ಮುಗಿದ ಮೇಲೆ ಬಿಲ್ಲೆ ವಾಪಸ್. "ಎದುರಾಳಿಯ ಚಪ್ಪಲಿ ಹಾಕಿಕೊಂಡು ನಡೆದು ನೋಡೋದು ಕಣ್ರೀ" ಎಂದರು. ನಮ್ಮವರ ಕೈಗೆ ಚಪ್ಪಲಿ ಸಿಕ್ಕಿದರೆ ನಡೆಯುವುದಕ್ಕೆ ಉಪಯೋಗಿಸುವುದಿಲ್ಲ ಎಂದು ನಾನು ಹೇಳಲಿಲ್ಲ.

ಮಾತಿನ ಭರದಲ್ಲಿ ಬಿಲ್ಲೆಯ ಡಬ್ಬಿ ಬಸ್ಸಿನಲ್ಲೇ ಉಳಿಯಿತು. ಬಸ್ಸು ರಾಯದುರ್ಗಕ್ಕೆ ಹೋಯಿತು. ಅವರು ಒಂದು ಗಳಿಗೆ ಕಂಗಾಲಾದರು, ಆಮೇಲೆ ಮುಖ ಅರಳಿತು. "ಪರವಾಗಿಲ್ಲ. ಸ್ಥಳೀಯ ಸಂಪನ್ಮೂಲ ಬಳಸೋಣ. ಕೈಪಿಡಿಯಲ್ಲೇ ಇದೆ." ಸ್ಥಳೀಯ ಸಂಪನ್ಮೂಲ ಯಾವುದೆಂದು ನನಗೆ ಹೇಳಲಿಲ್ಲ. ನಾನು ಚಿತ್ರಾನ್ನದ ವ್ಯವಸ್ಥೆ ನೋಡಲು ಹೋಟೆಲಿಗೆ ಹೋದೆ.

ವಾಪಸು ಬಂದಾಗ ಸಂಘದ ಅಂಗಳದಲ್ಲಿ ಎರಡೂ ಬೀದಿಯವರು ತುಂಬಿದ್ದರು, ಒಬ್ಬರೂ ಮಾತಾಡುತ್ತಿರಲಿಲ್ಲ. ಆ ಅಂಗಳದಲ್ಲಿ ಅಂಥ ಮೌನವನ್ನು ನಾನು ಕೇಳಿರಲಿಲ್ಲ. ಕೆಳಬೀದಿಯವರ ನಡುವೆ ನಾಗರಾಜಪ್ಪ ನಿಂತಿದ್ದ, ಮೇಲುಬೀದಿಯವರ ನಡುವೆ ಓಬಳೇಶಪ್ಪ. ಇಬ್ಬರ ಮುಖವೂ ಬಿಳಿಚಿಕೊಂಡಿತ್ತು. ಇಬ್ಬರ ಬಲಗೈಯಲ್ಲೂ ವೀಳ್ಯದೆಲೆ, ಮೇಲೆ ಅಡಿಕೆ. ನಡುವೆ ನಮ್ಮ ಸಾಹೇಬರು, ಹೇಗೆ ಹಿಡಿಯಬೇಕೆಂದು ತೋರಿಸಲು ಎರಡೂ ಕಡೆಯಿಂದ ಒಂದೊಂದು ಎಲೆ ಈಸಿಕೊಂಡು, ಕೈಪಿಡಿಯ ಚಿತ್ರದಲ್ಲಿರುವವರ ಹಾಗೆ ನಗುತ್ತಾ ನಿಂತಿದ್ದರು.

ಮೈಸೂರು ಕಡೆಯವರಿಗೆ ಎಲೆ ಅಡಿಕೆ ಎಂದರೆ ಊಟ ಮುಗಿಯಿತು ಎಂದರ್ಥವಿರಬಹುದು. ನಮ್ಮ ನೇಕಾರರ ಬೀದಿಗಳಲ್ಲಿ ಹತ್ತು ಜನರ ಎದುರು ಎಲೆ ಹಿಡಿದರೆ ಮುಗಿಯಿತು, ಕೊಟ್ಟ ಮಾತು ಅದು. ಮದುವೆಯ ಒಪ್ಪಿಗೆಯೂ ಅದೇ, ನ್ಯಾಯ ಪಂಚಾಯ್ತಿಯೂ ಅದೇ. ಹಾಗಿದ್ದೂ ಇವರಿಬ್ಬರೂ ಯಾಕೆ ಹಿಡಿದರು ಎಂದರೆ, ಮೊದಲು ಆ ನನ್ನ ಮಗ ಹಿಂದೆ ಸರಿಯಲಿ ಎಂದು ಇಬ್ಬರೂ ಕಾದರು. ಇಬ್ಬರೂ ಸರಿಯಲಿಲ್ಲ. ನಾಯಕತ್ವದ ಗುಣ ಅಷ್ಟರಮಟ್ಟಿಗೆ ಇಬ್ಬರಲ್ಲೂ ಇತ್ತು.

ಸಾಹೇಬರು ಪೀಪಿ ಊದಿದರು. "ಆಟ ಮುಗೀತು! ಎಲ್ಲರೂ ಎಲೆ ವಾಪಸ್ ಕೊಡಿ. ಈಗ ನಿಮಗೆ ಏನನ್ನಿಸ್ತು?"

ಯಾರೂ ಅಲುಗಲಿಲ್ಲ. ಸಂಘದ ಹಳೆಯ ಮೆಂಬರು ಸುಂಕಮ್ಮ ಹೊಗೆಸೊಪ್ಪು ಉಗುಳಿ ಬಂದು ಕೇಳಿದಳು: "ವಾಪಸ್ ಅಂದ್ರೇನ್ ಸಾರ್?"

"ಇದು ಆಟ ಅಮ್ಮಾ. ನಿಜದ ಹಾಗೆ ಆಡೋದು, ಅಷ್ಟೇ. ನಿಜ ಅಲ್ಲ."

"ಎಲೆ ನಿಜದ್ದೇ ಐತಲ್ಲ."

"ಬೇರೆ ಏನೂ ಸಿಗಲಿಲ್ಲ ಅಂತ ಎಲೆ ತರಿಸಿದೆ. ಒಂದು ಕಡ್ಡಿಪೆಟ್ಟಿಗೆ ಆದ್ರೂ ಆಗ್ತಿತ್ತು!"

"ಕಡ್ಡಿಪೆಟ್ಟಿಗೆ ಕೊಟ್ಟಿದ್ರೆ ವಾಪಸ್ ಕೊಡ್ತಿದ್ವಿ" ಎಂದಳು ಸುಂಕಮ್ಮ.

ಸಾಹೇಬರು ಓಬಳೇಶಪ್ಪನ ಕಡೆ ತಿರುಗಿ, "ನೀವಾದರೂ ಹೇಳಿ, ಕೊಟ್ಟುಬಿಡಿ" ಎಂದು ಗೋಗರೆದರು. ಓಬಳೇಶಪ್ಪ ಎಲೆಯನ್ನೇ ನೋಡುತ್ತಾ ತಲೆಯಾಡಿಸಿದ, ಬಾಯಿಗೆ ಮೊದಲು ಮನೆಮಾತು ತೆಲುಗೇ ಬಂತು. "ಅದಿ ಕುದರದು ಸಾರ್. ಆಗಂಗಿಲ್ಲ. ಹಿಡಿದೀನಿ." ಆಮೇಲೆ ಭಾವನ ಕಡೆ ನೋಡಿ, "ಲೇ, ನನ್ನ ಬೀದಿಗೆ ಹರುಕು ನೂಲು ಕೊಡಿಸ್ದೆ ಅಂದ್ರೆ ನೋಡು ಮತ್ತೆ" ಎಂದ. ನಾಗರಾಜಪ್ಪ ಅಷ್ಟೇ ಜೋರಾಗಿ, "ಅದು ಈಗ ನನ್ನ ಬೀದಿ ಕಣಲೇ, ನೀ ಯಾವನು ಕೇಳೋಕೆ?" ಎಂದ.

ಅಲ್ಲಿಗೆ ಸಾಹೇಬರ ಕೈಪಿಡಿ ಮುಗಿದಿತ್ತು. ಅವರು ಮೆಲ್ಲಗೆ ತಮ್ಮ ಎರಡು ಎಲೆಗಳನ್ನು ಮೇಜಿನ ಮೇಲೆ ಇಡಲು ಹೋದರು. ಸುಂಕಮ್ಮ ಅವರ ಕೈ ಹಿಡಿದಳು.

"ನೀವು ಎರಡು ಕಡೇದೂ ಈಸ್ಕೊಂಡೀರಿ. ನಡುವಿನ ಎಲೆ ನಿಮ್ಮದು. ವರ್ಷಕ್ಕೊಂದು ಸಲ ಸಭೆಗೆ ಬಂದು ಇಬ್ಬರ ನಡುವೆ ಕುಂದ್ರಬೇಕು. ನಡುವಿನ ಮನುಷ್ಯ ಇಲ್ಲ ಅಂದ್ರೆ ಮಾತು ಬಿತ್ತು. ಮಾತು ಬಿದ್ರೆ ಇವರಿಬ್ಬರೂ ಮೊದಲಿನಂಗೆ."

"ಎಷ್ಟು ವರ್ಷ?"

"ನೀವಿರೋವರೆಗೂ ಬರ್ರಿ. ಆಮೇಲೆ ಯಾರು ಕೇಳ್ತಾರೆ?"

ವಾಪಸು ಬರುವ ಬಸ್ಸಿನಲ್ಲಿ ಅವರು ಪಕ್ಕದ ಸೀಟಿನ ಮೇಲೆ ಚೀಲ ಇಡಲಿಲ್ಲ. ನಾನು ಕುಳಿತೆ. ಎಲೆಗಳು ಅಂಗಿಯ ಜೇಬಿನಲ್ಲಿದ್ದವು, ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಂಥ ಅವಕಾಶ ನನಗೆ ಮತ್ತೆ ಸಿಗುತ್ತಿರಲಿಲ್ಲ, ಕೇಳಿಯೇಬಿಟ್ಟೆ: "ಸಾರ್, ಈಗ ನಿಮಗೆ ಏನನ್ನಿಸ್ತು?"

'ಚೆನ್ನಾಗಿತ್ತು' ಎನ್ನುತ್ತಾರೆಂದು ಕಾದೆ. ಅವರು ಕಿಟಕಿಯಾಚೆ ನೋಡುತ್ತಲೇ, "ಭಯ ಆಯ್ತು ಕಣ್ರೀ" ಎಂದರು.

ಆ ವರ್ಷ ಸಭೆ ನಡೆಯಿತು. ಜಗಳ ನಿಂತಿತು ಎಂದು ನಾನು ಹೇಳಿದರೆ ಸುಳ್ಳಾದೀತು. ಅದೇ ದನಿ, ಅದೇ ಬೈಗುಳ, ಅದೇ ಮೇಜು ಗುದ್ದುವುದು. ಆದರೆ ಮೇಲುಬೀದಿಯ ನಾಗರಾಜಪ್ಪ ಕೆಳಬೀದಿಗೆ ಒಳ್ಳೆಯ ನೂಲು ಬೇಕೆಂದು ಗುದ್ದುತ್ತಿದ್ದ, ಓಬಳೇಶಪ್ಪ ಮೇಲುಬೀದಿಗೆ ಬೇಕೆಂದು. ಒಬ್ಬನಿಗಿಂತ ಒಬ್ಬ ಹಟದಿಂದ ಇನ್ನೊಬ್ಬನ ಜನಕ್ಕಾಗಿ ಹೊಡೆದಾಡಿದ್ದರಿಂದ ಎರಡು ಬೀದಿಗೂ ಒಳ್ಳೆಯ ನೂಲೇ ಸಿಕ್ಕಿತು. ಸಂಘ ಉಳಿಯಿತು. ನನ್ನ ಕೆಲಸವೂ ಉಳಿಯಿತು, ಅದನ್ನು ಯಾರೂ ಗಮನಿಸಲಿಲ್ಲ.

ಇಲಾಖೆಗೆ ಬಹಳ ಸಂತೋಷವಾಗಿರಬೇಕಲ್ಲವೇ? ಆಯಿತು. ಆ ಸಂತೋಷದಲ್ಲಿ ಅದು ಅವರಿಗೆ ಒಂದು ನೋಟೀಸು ಕಳಿಸಿತು. ತರಬೇತಿಗೆಂದು ಕೊಟ್ಟಿದ್ದ ಪ್ಲಾಸ್ಟಿಕ್ ಬಿಲ್ಲೆಗಳ ಡಬ್ಬಿ ಎಲ್ಲಿ ಹೋಯಿತು, ಅವುಗಳ ಬದಲು ಮಂಜೂರಾತಿಯಿಲ್ಲದ ಎಲೆ ಅಡಿಕೆ ಏಕೆ ಬಳಸಲಾಯಿತು ಎಂದು ಕೇಳಿತ್ತು. ಸಮಜಾಯಿಷಿ ತೃಪ್ತಿಕರವಾಗಿರಲಿಲ್ಲವೆಂದು ಕೋಲಾರದ ಕಡೆ ವರ್ಗ ಮಾಡಿದರು. ಬಿಲ್ಲೆಗಳು ಈಗಲೂ ರಾಯದುರ್ಗದ ಡಿಪೋದಲ್ಲಿ ನಂಬಿಕೆಯಿಂದ ಕಾಯುತ್ತಿರಬಹುದು.

ಇನ್ನು ಬರುವುದಿಲ್ಲ ಎಂದುಕೊಂಡೆ. ಮುಂದಿನ ವರ್ಷ ಸಭೆಯ ದಿನ ಬಸ್ಸಿನಿಂದ ಪೀಪಿ ಸಮೇತ ಇಳಿದರು. ಕೇಳಿದರೆ, "ಫಾಲೋ-ಅಪ್ ಕಣ್ರೀ. ತರಬೇತಿಯಲ್ಲಿ ಅದು ಬಹಳ ಮುಖ್ಯ" ಎಂದರು. ಅದರ ಮುಂದಿನ ವರ್ಷವೂ ಬಂದರು. ಬಸ್ಸು ಸರಿಯಿಲ್ಲ, ಧೂಳು ಜಾಸ್ತಿ, ಚಿತ್ರಾನ್ನಕ್ಕೆ ಒಗ್ಗರಣೆ ಸೀದಿದೆ ಎಂದು ಗೊಣಗುತ್ತಲೇ ಬಂದರು. ಬಂದವರಿಗೆ ಮಾಡಲು ಏನೂ ಕೆಲಸವಿರಲಿಲ್ಲ. ನಡುವಿನ ಮನುಷ್ಯ ಮಾತಾಡುವಂತಿಲ್ಲ, ಸುಮ್ಮನೆ ಚಾಪೆಯ ಮೇಲೆ ಕೂರಬೇಕು. ಊರವರನ್ನೆಲ್ಲ ಮಾತಾಡಿ ಮಾತಾಡಿ ಎಂದು ಪೀಡಿಸಿದ ಮನುಷ್ಯ ಒಂದಿಡೀ ಮಧ್ಯಾಹ್ನ ಬಾಯಿ ಮುಚ್ಚಿಕೊಂಡು, ಎಡಬಲಕ್ಕೆ ಹಾರುವ ಬೈಗುಳಗಳ ನಡುವೆ, ನೋಯುವ ಮಂಡಿ ಉಜ್ಜಿಕೊಳ್ಳುತ್ತಾ ಕೂರುವುದನ್ನು ನೋಡಿ ನಾನು ಒಳಗೊಳಗೇ ನಗುತ್ತಿದ್ದೆ. ನಿವೃತ್ತಿಯಾದ ಮೇಲೂ ಬಂದರು, ಕೋಲೂರಿಕೊಂಡು. ಒಂದು ವರ್ಷ ಜ್ವರದಲ್ಲಿ ಕಂಬಳಿ ಹೊದ್ದು ಕೂತಿದ್ದರು. ಆಗಲೂ "ಫಾಲೋ-ಅಪ್" ಎಂದೇ ಅಂದರು.

ಅವರನ್ನು ಕಂಡರೆ ನನಗೆ ತುಂಬಾ ಇಷ್ಟವಿತ್ತು ಎನ್ನುವುದು ಅವರು ಬರದ ವರ್ಷ ನನಗೆ ತಿಳಿಯಿತು.

ಅಂದು ಬೆಳಗಿನ ಬಸ್ಸಿನಲ್ಲಿ ಅವರಿರಲಿಲ್ಲ. ಮಧ್ಯಾಹ್ನದ ಬಸ್ಸಿನಲ್ಲೂ ಇರಲಿಲ್ಲ. ಎರಡೂ ಬೀದಿಯವರು ಅಂಗಳದಲ್ಲಿ ಕೂತು ನಡುವಿನ ಖಾಲಿ ಚಾಪೆಯನ್ನೇ ನೋಡುತ್ತಿದ್ದರು. ನಾನು ಸಂಘದ ಫೋನಿನಿಂದ ಅವರ ಮನೆಗೆ ಮಾಡಿದೆ. ಮಗಳು ಎತ್ತಿದಳು. ತೀರಿಕೊಂಡು ಒಂದು ವಾರವಾಗಿತ್ತು. "ಆಸ್ಪತ್ರೆಯಲ್ಲೂ ಮೊಳಕಾಲ್ಮೂರಿಗೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳ್ತಿದ್ರು. ಅಲ್ಲಿ ನಮಗೆ ಯಾರಿದ್ದಾರೆ ಅಂತ ಗೊತ್ತಾಗಲಿಲ್ಲ" ಎಂದಳು. ಇಲ್ಲಿ ಎರಡು ಬೀದಿ ಇದೆ ಎಂದು ಹೇಳಬೇಕೆನ್ನಿಸಿತು, ಹೇಳದೆ ಫೋನಿಟ್ಟೆ.

ಅಂಗಳಕ್ಕೆ ಬಂದು ಸುದ್ದಿ ಹೇಳಿದೆ. ನಾಗರಾಜಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡ. ಓಬಳೇಶಪ್ಪ ಎದ್ದು ಗೋಡೆ ಕಡೆ ತಿರುಗಿ ನಿಂತ. ಯಾರೋ ಹಿಂದಿನಿಂದ, "ಹಂಗಾದ್ರೆ ಮಾತು ಬಿತ್ತಲ್ಲ" ಎಂದರು. ಎಲ್ಲರಿಗೂ ಅದೇ ಯೋಚನೆ ಇತ್ತು. ನಡುವಿನ ಎಲೆ ಇಲ್ಲದಿದ್ದರೆ ಯಜಮಾನರಿಬ್ಬರೂ ತಮ್ಮ ತಮ್ಮ ಹಳೆಯ ಬೀದಿಗೆ ವಾಪಸಾಗುತ್ತಾರೆ. ಸಭೆ ಮುರಿಯುತ್ತದೆ, ಇಲಾಖೆ ಬೀಗ ಹಾಕುತ್ತದೆ. ಒಂದಿಬ್ಬರು ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು.

"ಯಾರಾದ್ರೂ ಹಿಡಿಬೌದು" ಎಂದಳು ಸುಂಕಮ್ಮ. ಅವಳಿಗೆ ಆ ಹೊತ್ತಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಆದರೂ ಮುಖ ನೇರ ನನ್ನ ಕಡೆಗಿತ್ತು. "ಎರಡೂ ಬೀದಿಗೆ ಸೇರದೋನು ಆಗ್ಬೇಕು, ಅಷ್ಟೇ."

ನಾನು ಚಳ್ಳಕೆರೆಯವನು. ಸಂಘದ ನೌಕರ. ಮುಂದಿನ ವರ್ಷ ನಿವೃತ್ತಿ, ಆಮೇಲೆ ಈ ಧೂಳಿನ ದಾರಿಯ ಬಸ್ಸು ಹತ್ತುವುದೇ ಬೇಡವೆಂದು ಎಂದೋ ತೀರ್ಮಾನಿಸಿದ್ದವನು. ಇದನ್ನೆಲ್ಲ ಹೇಳಿದೆ. ಕೊನೆಗೆ, "ಇದು ಅವರು ಆಡಿಸಿದ ಆಟ ಕಣ್ರಪ್ಪಾ" ಎಂದೆ. ಯಾರೂ ನಗಲಿಲ್ಲ. ನಾಗರಾಜಪ್ಪ ಒಂದು ಕಡೆಯಿಂದ, ಓಬಳೇಶಪ್ಪ ಇನ್ನೊಂದು ಕಡೆಯಿಂದ ಎಲೆ ಹಿಡಿದು ನಿಂತಿದ್ದರು. ಇಬ್ಬರಿಗೂ ವಯಸ್ಸಾಗಿತ್ತು. ನಾನು ಕೈ ಚಾಚಿದೆ.

ಎಲೆ ತಣ್ಣಗಿತ್ತು. ಸುಂಕಮ್ಮ, ಅಣಕಿಸುವುದಕ್ಕಲ್ಲ, ಎಲೆ ಹಿಡಿದವರನ್ನು ಕೇಳಲೇಬೇಕಾದ ಶಾಸ್ತ್ರವೆಂಬಂತೆ ಕೇಳಿದಳು: "ಈಗ ನಿಮಗೆ ಏನನ್ನಿಸ್ತು?"

ಅಷ್ಟು ವರ್ಷ 'ಚೆನ್ನಾಗಿತ್ತು ಸಾರ್' ಎಂದು ತಪ್ಪಿಸಿಕೊಂಡು ಬಂದವನು ನಾನು. ಅಂದು ಆ ಮಾತು ಬಾಯಿಗೆ ಬರಲಿಲ್ಲ.

"ಭಯ ಆಗ್ತೈತೆ" ಎಂದೆ.

"ಆಗ್ಲಿ" ಎಂದು ಸುಂಕಮ್ಮ ಖಾಲಿ ಚಾಪೆಯ ಧೂಳು ಕೊಡವಿದಳು. "ಕುಂದ್ರು."